ಕೇಸ್ ಶೀಟಿನಲ್ಲಿ ರೋಗಿಯ ಮಾತು ಯಾಕಿಲ್ಲ?

ಬೆಳಗಿನ ರೌಂಡ್ಸ್ ಹೊತ್ತಿಗೆ ಕೇಸ್ ಶೀಟಿನಲ್ಲಿ ಜ್ವರ, ಬಿಪಿ, ನಾಡಿ, ಮೂತ್ರದ ಅಳತೆ ಎಲ್ಲ ಇರುತ್ತದೆ. ಪಕ್ಕದ ಬೆಡ್ಡಿನವರನ್ನು ನಡುರಾತ್ರಿ ಐಸಿಯುಗೆ ಸಾಗಿಸಿದ್ದನ್ನು ನೋಡಿ ಬೆಳಗಿನವರೆಗೆ ಕಣ್ಣು ಮುಚ್ಚಲಾಗಲಿಲ್ಲ ಎಂಬುದು ಇರುವುದಿಲ್ಲ.

ಹದಿನೆಂಟನೇ ಶತಮಾನದವರೆಗೆ ವೈದ್ಯರಿಗೆ ದೊಡ್ಡ ಆಧಾರವೆಂದರೆ ರೋಗಿಯ ಬಾಯಿಮಾತೇ. 1816ರಲ್ಲಿ ಪ್ಯಾರಿಸ್‌ನಲ್ಲಿ ರೆನೆ ಲೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದರು. ಎದೆಯೊಳಗಿನ ಸದ್ದು ನೇರವಾಗಿ ವೈದ್ಯರ ಕಿವಿಗೆ ಬಿತ್ತು. ಆಮೇಲೆ ಥರ್ಮಾಮೀಟರ್, ಎಕ್ಸ್-ರೇ, ಲ್ಯಾಬ್ ವರದಿಗಳು ಬಂದವು. ಇವುಗಳಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ರೋಗಿಯನ್ನು ಕೇಳಿಯೇ ತಿಳಿಯಬೇಕೆಂಬ ಅಗತ್ಯ ಕಡಿಮೆಯಾಗುತ್ತಾ ಬಂತು. ಸುಮ್ಮನೆ ಮಲಗಿರುವವರೇ ಒಳ್ಳೆಯ ರೋಗಿ ಎನಿಸಿಕೊಂಡರು.

ಆ ಮೌನ ಎಷ್ಟು ಮೋಸದ್ದು ಎಂಬುದು ಗೊತ್ತಾದದ್ದು ಮಕ್ಕಳ ವಾರ್ಡಿನಲ್ಲಿ. ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಬ್ರಿಟನ್ನಿನ ಹಲವು ಆಸ್ಪತ್ರೆಗಳು ತಂದೆತಾಯಿಯರ ಭೇಟಿಯನ್ನು ಬಿಗಿಯಾಗಿ ಮಿತಿಗೊಳಿಸಿದ್ದವು. ಅಮ್ಮ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಹೊಂದಿಕೊಳ್ಳುತ್ತದೆ ಎಂಬುದು ಅವರ ಸಮರ್ಥನೆ. ಸಣ್ಣ ಆಪರೇಷನ್‌ಗೆಂದು ದಾಖಲಾದ ಎರಡು ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಲಂಡನ್ನಿನಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಿದ್ದ ಜೇಮ್ಸ್ ರಾಬರ್ಟ್‌ಸನ್ ಚಿತ್ರೀಕರಿಸಿ 1952ರಲ್ಲಿ ವೈದ್ಯರಿಗೆ ತೋರಿಸಿದರು. ಆ ಮಗು ರಂಪ ಮಾಡುವುದಿಲ್ಲ, ಹೆಚ್ಚಾಗಿ ಅಳುವುದೂ ಇಲ್ಲ. ದಿನ ಕಳೆದಂತೆ, ನೋಡಲು ಬಂದ ತಾಯಿಯಿಂದಲೇ ಮುಖ ತಿರುಗಿಸಿಕೊಳ್ಳುತ್ತದೆ. ಹೊಂದಿಕೊಂಡಿದೆ ಎಂದು ವಾರ್ಡು ಅಂದುಕೊಂಡಿದ್ದು ಈ ಸಂಕಟವನ್ನೇ. ನೋಡಿದವರಲ್ಲಿ ಹಲವರು ಒಪ್ಪಲಿಲ್ಲ, ಸಿಟ್ಟಾದರು. ಕಡೆಗೆ 1959ರಲ್ಲಿ ಬ್ರಿಟನ್ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿ, ತಂದೆತಾಯಿಯರ ಭೇಟಿಗೆ ಹೊತ್ತಿನ ಕಟ್ಟುಪಾಡು ಇರಬಾರದೆಂದು ಶಿಫಾರಸು ಮಾಡಿತು.

ದೊಡ್ಡವರ ಸರದಿ ಬರಲು ಇನ್ನೂ ತಡವಾಯಿತು. 1984ರಲ್ಲಿ ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್, ರೋಗಿಗಳು ವೈದ್ಯರನ್ನು ಕಂಡ 74 ಭೇಟಿಗಳ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿದರು. ರೋಗಿ ತಮ್ಮ ತೊಂದರೆ ಹೇಳಲು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿಹಾಕಿದ್ದರು. ಅದೇ ವರ್ಷ ಸಂಶೋಧಕ ರೋಜರ್ ಉಲ್ರಿಚ್, ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಉಪನಗರ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಸಿಕೊಂಡಿದ್ದ 46 ಜನರ ದಾಖಲೆಗಳ ಅಧ್ಯಯನ ಪ್ರಕಟಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಅವರಿಗೆ ಬಲವಾದ ನೋವುನಿವಾರಕಗಳೂ ಕಡಿಮೆ ಸಾಕಾದವು. ನನಗೆ ಇದರಲ್ಲಿ ಮುಖ್ಯವೆನಿಸುವುದು ನರ್ಸ್‌ಗಳ ಟಿಪ್ಪಣಿ: ಅಳುತ್ತಿದ್ದಾರೆ, ತುಂಬಾ ಧೈರ್ಯ ಹೇಳಬೇಕಾಗುತ್ತಿದೆ ಎಂಬಂಥ ಸಾಲುಗಳು ಗೋಡೆ ಕಡೆಯವರ ಬಗ್ಗೆಯೇ ಹೆಚ್ಚು. ರೋಗಿಯ ಅನುಭವವನ್ನು ನರ್ಸ್‌ಗಳು ಬರೆದಿಟ್ಟಿದ್ದರು. ಅದಕ್ಕೂ ಚೇತರಿಕೆಗೂ ಸಂಬಂಧವಿರಬಹುದೆಂದು ಯಾರಾದರೂ ಹುಡುಕಿ ನೋಡಬೇಕಿತ್ತು, ಅಷ್ಟೇ.

ಈಗ ಬಹಳಷ್ಟು ಆಸ್ಪತ್ರೆಗಳು ರೋಗಿಗಳ ಅಭಿಪ್ರಾಯ ಕೇಳುತ್ತವೆ, ಆದರೆ ಹೆಚ್ಚಿನದು ಅಂಕ ಕೊಡುವ ಫಾರ್ಮು. ಡಿಸ್ಚಾರ್ಜ್ ಆದ ಮೇಲಿನ ವಾರಗಳು ಅದರಲ್ಲಿ ಬರುವುದೇ ಅಪರೂಪ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಡಿ ಚಿಕಿತ್ಸೆ ಪಡೆದು ಡಿಸ್ಚಾರ್ಜ್ ಆದ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗುತ್ತಾರೆ, ಎಷ್ಟೋ ಮಂದಿ ಬೇರೆಯದೇ ಕಾಯಿಲೆಗೆ ಎಂದು ಹೃದ್ರೋಗತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಬರೆದರು. ನಿದ್ದೆಗೇಡು, ಸರಿಯಾಗಿ ಊಟ ಸೇರದಿರುವುದು, ಮಲಗಿ ಮಲಗಿ ಕಾಲಿನ ಶಕ್ತಿ ಕುಂದುವುದು ಇದಕ್ಕೆ ಕಾರಣವಿರಬಹುದೆಂದು ಅವರ ವಾದ.

ಆಸುಪಾಸಿನವರೇ ಬರುವ ಸಣ್ಣ ಆಸ್ಪತ್ರೆಗೆ ಇಲ್ಲಿ ಒಂದು ಅನುಕೂಲವಿದೆ. ಡ್ರೆಸ್ಸಿಂಗ್‌ಗೆ ಮರಳಿದವರನ್ನು ಎಷ್ಟೋ ಸಲ ಅದೇ ನರ್ಸ್ ನೋಡುತ್ತಾರೆ. ಗಾಯ ಒಣಗಿದೆಯೇ ಎನ್ನುವುದರ ಜೊತೆಗೆ ರಾತ್ರಿ ನಿದ್ದೆ ಬರುತ್ತಿದೆಯೇ, ಬಚ್ಚಲಿಗೆ ಒಬ್ಬರೇ ಹೋಗಿ ಬರುತ್ತೀರಾ, ಯಾವ ಮಾತ್ರೆ ಬಿಟ್ಟಿರಿ, ಯಾಕೆ ಎಂದೂ ಅವರು ಕೇಳಬಹುದು. ಕೇಸ್ ಶೀಟಿನಲ್ಲಿ ಬಿಪಿಯ ಪಕ್ಕದಲ್ಲೇ ಈ ಉತ್ತರಗಳನ್ನೂ ಬರೆದಿಡಬೇಕು.