ಸ್ಟಿಕರಿನ ತಾರೀಕೇ ಬೇರೆ, ಉಳಿಯುವ ದಿನವೇ ಬೇರೆ

ಅಮೆರಿಕದ ಪ್ರವಾಸಿ ವೀಸಾ ಹತ್ತು ವರ್ಷದ್ದು ಸಿಕ್ಕಿತೆಂದು ಯಾರೂ ಅಲ್ಲಿ ಹತ್ತು ವರ್ಷ ಇರಬಹುದು ಎಂದುಕೊಳ್ಳುವುದಿಲ್ಲ. ಆದರೆ ಅದೇ ಜನ ಷೆಂಗೆನ್, ಅಂದರೆ ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟದ, ವೀಸಾ ಸ್ಟಿಕರ್ ಓದುವಾಗ ಎಡವುತ್ತಾರೆ. ಉದಾಹರಣೆಗೆ, ಅದರ ಮೇಲೆ ಬರೆದ ಎರಡು ತಾರೀಕುಗಳ ನಡುವೆ 45 ದಿನ ಇರುತ್ತದೆ, ಉಳಿಯುವ ಅವಧಿಯ ಜಾಗದಲ್ಲಿ 30 ಎಂದಿರುತ್ತದೆ. ಮಿಕ್ಕ 15 ದಿನ ಕೊಟ್ಟಿರುವುದು ಪ್ರಯಾಣ ಹಿಂದೆಮುಂದೆ ಆದರೆ ತೊಂದರೆಯಾಗದಿರಲಿ ಎಂದು. ಒಳಗಿರಲು ಸಿಗುವುದು 30 ದಿನವೇ.

ವೀಸಾದ ಅವಧಿ ಎಂದರೆ ಗಡಿಗೆ ಬಂದು ಪ್ರವೇಶ ಕೇಳಬಹುದಾದ ಅವಧಿ. ಎಷ್ಟು ದಿನ ಇರಬಹುದು ಎನ್ನುವುದು ಬೇರೆ ಲೆಕ್ಕ, ಎಷ್ಟು ಸಲ ಒಳಬರಬಹುದು ಎನ್ನುವುದು ಇನ್ನೊಂದು. ಅಮೆರಿಕದಲ್ಲಿ ಉಳಿಯುವ ಕೊನೆಯ ದಿನ ಇರುವುದು ಗಡಿಯಲ್ಲಿ ಒಳಬಿಡುವಾಗ ಮಾಡುವ ಐ-94 ಎಂಬ ದಾಖಲೆಯಲ್ಲಿ. ಬಿ-2 ಪ್ರವಾಸಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಆ ತಾರೀಕಿಗೇ ನಿಲ್ಲಿಸುವುದೂ ಉಂಟು. ವಿಮಾನ ಇಳಿದ ವಾರದಲ್ಲೇ ಸರ್ಕಾರಿ ಜಾಲತಾಣದಲ್ಲಿ ಐ-94 ತೆಗೆದು ನೋಡಿ, ಪ್ರಿಂಟ್ ಇಟ್ಟುಕೊಳ್ಳಿ. ವೀಸಾ ಮುಗಿದರೂ ಐ-94 ಚಾಲ್ತಿಯಲ್ಲಿದ್ದರೆ ಇರುವುದು ಕಾನೂನುಬದ್ಧ. ವೀಸಾ ಇದ್ದು ಐ-94 ಮುಗಿದಿದ್ದರೆ ಅಲ್ಲ. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಇದ್ದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಇದ್ದವರಿಗೆ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ ಬೀಳುತ್ತದೆ. ಈ ತಡೆ ಶುರುವಾಗುವುದು ದೇಶ ಬಿಟ್ಟ ಮೇಲೆ. ಹಾಗಾಗಿ ಹೊರಗೆ ಬರುವವರೆಗೂ ಅದರ ಬಿಸಿ ತಟ್ಟುವುದಿಲ್ಲ.

ದೀರ್ಘಕಾಲ ಸುತ್ತುವವರನ್ನು ಹೆಚ್ಚು ಕಾಡುವುದು ಷೆಂಗೆನ್ನಿನ 90/180. ಈಗ ಆ ಒಕ್ಕೂಟದಲ್ಲಿ 29 ದೇಶಗಳಿವೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿ ಸೇರಿಕೊಂಡ ಮೇಲೆ ಅಲ್ಲಿ ಕಳೆದ ದಿನಗಳೂ ಅದೇ ಖಾತೆಗೆ ಬೀಳುತ್ತವೆ. ಐರ್ಲೆಂಡ್, ಸೈಪ್ರಸ್ ಹೊರಗಿವೆ. ಯಾವುದೇ 180 ದಿನಗಳಲ್ಲಿ 90 ದಿನ ಎಂಬ ನಿಯಮ ಕೇಳಲು ಸುಲಭ, ಎಣಿಸುವಾಗಲೇ ಎಡವಟ್ಟು. ಆರಾರು ತಿಂಗಳ ಎರಡು ಡಬ್ಬಿ ಎಂದು ಭಾವಿಸುವವರೇ ಬಹಳ. ನಿಜದಲ್ಲಿ ಒಳಗಿರುವ ಪ್ರತಿ ದಿನವೂ, ಆ ದಿನವನ್ನೂ ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು. ಬಂದ ದಿನ, ಹೊರಟ ದಿನ ಎರಡೂ ಪೂರ್ತಿ ದಿನಗಳೇ, ರಾತ್ರಿ ಹನ್ನೊಂದೂವರೆಗೆ ಇಳಿದರೂ ಸರಿ.

ಒಂದು ಲೆಕ್ಕ ಹಾಕಿಯೇ ನೋಡೋಣ. ಅಧಿಕ ವರ್ಷವಲ್ಲ ಎಂದುಕೊಳ್ಳಿ. ವೀಸಾ ಬೇಡದ ಪಾಸ್‌ಪೋರ್ಟ್, ಅಥವಾ ಉಳಿಯುವ ಅವಧಿ 90 ಎಂದಿರುವ ಬಹುಪ್ರವೇಶ ವೀಸಾ ಕೈಯಲ್ಲಿದೆ. ಜನವರಿ 10ಕ್ಕೆ ಬಂದು ಮಾರ್ಚ್ 10ಕ್ಕೆ ಹೊರಟರೆ ಜನವರಿಯ 22, ಫೆಬ್ರುವರಿಯ 28, ಮಾರ್ಚಿನ 10 ಸೇರಿ 60 ದಿನ. ಮತ್ತೆ ಜೂನ್ 1ಕ್ಕೆ ಬಂದರೆ ಮೂರು ತಿಂಗಳು ಹತ್ತಿರ ಹೊರಗಿದ್ದೆ, ಹಳೆಯದು ತೀರಿತು ಎನಿಸುತ್ತದೆ. ತೀರಿಲ್ಲ. ಜೂನ್ 30ರಂದು ಹಿಂದಕ್ಕೆ ಎಣಿಸಿದರೆ 180 ದಿನ ಶುರುವಾಗುವುದು ಜನವರಿ 2ಕ್ಕೆ, ಅಂದರೆ ಆ 60 ದಿನವೂ ಒಳಗೇ ಇವೆ. ಜೂನಿನ 30 ಸೇರಿ ಸರಿಯಾಗಿ 90. ಜುಲೈ 1ಕ್ಕೂ ಉಳಿದರೆ 91ನೇ ದಿನ, ಅವಧಿ ಮೀರಿದಂತೆ.

ಈಗ ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಜೂನ್ 30ಕ್ಕೆ ಹೊರಟು ಜುಲೈ 1ರಿಂದ 8ರವರೆಗೆ ಹೊರಗಿರಿ. ಜುಲೈ 9ರಂದು ಎಣಿಕೆ ಜನವರಿ 11ರಿಂದ ಶುರುವಾಗುತ್ತದೆ, ಜನವರಿ 10 ಉದುರಿ ಒಂದು ದಿನ ಕೈಗೆ ಬರುತ್ತದೆ. ಆಮೇಲೆ ದಿನಕ್ಕೊಂದು ಹಳೆಯ ದಿನ ಉದುರುತ್ತ ಹೋಗುವುದರಿಂದ ಸೆಪ್ಟೆಂಬರ್ 6ರವರೆಗೆ ಒಂದೇ ಸಮನೆ ಇರಬಹುದು. ಎಂಟು ದಿನದ ವಿರಾಮಕ್ಕೆ 60 ದಿನ ಸಿಕ್ಕಿತು. ಆರಾರು ತಿಂಗಳ ಡಬ್ಬಿಯ ಲೆಕ್ಕ ಹಿಡಿದವರಿಗೆ ಎರಡೂ ಕಡೆ ನಷ್ಟ: ಒಮ್ಮೆ ತಿಳಿಯದೆ ಮೀರುತ್ತಾರೆ, ಇನ್ನೊಮ್ಮೆ ಇರಬಹುದಾದಾಗ ಹೊರಡುತ್ತಾರೆ. ಮುದ್ರೆ ಮಸುಕಾಗಿದೆ, ಯಾರು ಎಣಿಸುತ್ತಾರೆ ಎನ್ನುವ ಕಾಲವೂ ಮುಗಿಯಿತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ದಿನಗಳನ್ನು ತಾನೇ ಎಣಿಸುತ್ತದೆ. ಯಾವುದಾದರೂ ಷೆಂಗೆನ್ ದೇಶದ ದೀರ್ಘವಾಸದ ಡಿ ವೀಸಾ ಅಥವಾ ನಿವಾಸ ಪರವಾನಗಿ ಮೇಲೆ ಕಳೆದ ದಿನಗಳು ಈ 90ಕ್ಕೆ ಸೇರುವುದಿಲ್ಲ. ಅದನ್ನು ತೋರಿಸಲು ಹಳೆಯ ಕಾರ್ಡಿನ ಪ್ರತಿ ಬೇಕು, ವಾಪಸು ಕೊಡುವ ಮುನ್ನ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಎಲ್ಲ ದೇಶಗಳೂ ಹೀಗೆ ಸೂತ್ರ ಹಿಡಿದು ಎಣಿಸುವುದಿಲ್ಲ. ಬ್ರಿಟನ್ನಿನ ಪ್ರವಾಸಿಗೆ ಒಂದು ಭೇಟಿಗೆ ಆರು ತಿಂಗಳು. ವರ್ಷಕ್ಕೆ 180 ದಿನ ಎಂಬ ಲಿಖಿತ ಮಿತಿ ಇಲ್ಲ, ಆದರೆ ಭೇಟಿಯ ಹೆಸರಿನಲ್ಲಿ ಅಲ್ಲೇ ವಾಸ ಮಾಡುತ್ತಿದ್ದೀರಿ ಎನ್ನಿಸಿದರೆ ಗಡಿಯಲ್ಲೇ ತಡೆಯಬಹುದು. ಅಮೆರಿಕಕ್ಕೆ ವೀಸಾ ಇಲ್ಲದೆ 90 ದಿನಕ್ಕೆ ಬರುವವರು ಕೆನಡಾಕ್ಕೋ ಮೆಕ್ಸಿಕೊಗೋ ಹೋಗಿಬಂದರೆ ಹೊಸ 90 ಸಿಗುವುದಿಲ್ಲ. ಥಾಯ್ಲೆಂಡಿನಲ್ಲಿ ದೀರ್ಘ ವಾಸದ ವಿಸ್ತರಣೆ ಪಡೆದವರು ಮರುಪ್ರವೇಶ ಪರವಾನಗಿ ಮಾಡಿಸದೆ ಗಡಿ ದಾಟಿದರೆ ವಿಸ್ತರಣೆ ಅಲ್ಲಿಗೇ ರದ್ದು. ಅಲ್ಲಿ 90 ದಿನಕ್ಕೊಮ್ಮೆ ವಿಳಾಸದ ವರದಿ ಬೇರೆ ಕೊಡಬೇಕು, ಅದು ವಿಸ್ತರಣೆ ಅಲ್ಲ. ದೂರದಿಂದ ಕೆಲಸ ಮಾಡುವವರ ವೀಸಾಗಳ ಬಗ್ಗೆ ಈಗ ಬಹಳ ಉತ್ಸಾಹವಿದೆ, ಆದರೆ ಒಂದೊಂದರ ಗುಣವೂ ಒಂದೊಂದು ಥರ. ಜಪಾನಿನದು ವರ್ಷಕ್ಕೆ ಒಂದು ಕೋಟಿ ಯೆನ್ ಆದಾಯ ಕೇಳುತ್ತದೆ, ಆರೇ ತಿಂಗಳು ಕೊಡುತ್ತದೆ, ವಿಸ್ತರಿಸುವುದಿಲ್ಲ. ಥಾಯ್ಲೆಂಡಿನ ಡಿಟಿವಿ ಐದು ವರ್ಷದ್ದು, ಪ್ರತಿ ಪ್ರವೇಶಕ್ಕೆ 180 ದಿನ, ಐದು ಲಕ್ಷ ಬಾತ್ ಹಣ ತೋರಿಸಬೇಕು. ಇಷ್ಟು ದಿನ ಇದ್ದರೆ ಆ ದೇಶಕ್ಕೆ ತೆರಿಗೆ ಕಟ್ಟುವ ನಿವಾಸಿ ಎನ್ನುವ 183 ದಿನದ ಲೆಕ್ಕ ಇವಕ್ಕೆಲ್ಲ ಸಂಬಂಧಿಸಿದ್ದಲ್ಲ. ವೀಸಾ ಸರಿಯಿದ್ದೂ ತೆರಿಗೆ ನಿವಾಸಿಯಾಗಿಬಿಡಬಹುದು.

ಜೋಡಿಗಳ ವಿಷಯಕ್ಕೆ ಬರೋಣ. ಮದುವೆಯಾದರೆ ವೀಸಾ ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೋ ಅಷ್ಟೇ ಸುಳ್ಳು. ಎಲ್ಲಿ ಮದುವೆ, ಎಲ್ಲಿ ಸಂಸಾರ, ಮೊದಲ ಪ್ರವೇಶ ಯಾವ ವೀಸಾದಲ್ಲಿ ಎನ್ನುವುದನ್ನು ಮುಹೂರ್ತಕ್ಕೂ ಮೊದಲೇ ತೀರ್ಮಾನಿಸಬೇಕು. ಡೆನ್ಮಾರ್ಕಿನಲ್ಲಿ ಬೇರೆ ಬೇರೆ ದೇಶದವರು ಸುಲಭವಾಗಿ ಮದುವೆಯಾಗಬಹುದು ಎಂದು ಹೋಗುವವರಿದ್ದಾರೆ. ಆಗಬಹುದು, ಪ್ರಮಾಣಪತ್ರವೂ ಸಿಗುತ್ತದೆ, ವಾಸದ ಹಕ್ಕು ಮಾತ್ರ ಅದರ ಜೊತೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯ ಪ್ರವಾಸಿ ವೀಸಾ ಮೇಲೆ ಮದುವೆಯಾಗುವಂತಿಲ್ಲ. ಮದುವೆಯ ಭೇಟಿಗೆಂದೇ ಇರುವ ವೀಸಾದಲ್ಲಿ ಮದುವೆಯಾಗಬಹುದು, ಆಮೇಲೆ ಹೊರಡಬೇಕು. ಭಾವಿ ಸಂಗಾತಿಯ ವೀಸಾದಲ್ಲಿ ಆರು ತಿಂಗಳಲ್ಲಿ ಮದುವೆಯಾಗಿ ಅಲ್ಲಿಂದಲೇ ಮುಂದುವರಿಯಬಹುದು, ಆದರೆ ಆ ಆರು ತಿಂಗಳು ಕೆಲಸ ಮಾಡುವಂತಿಲ್ಲ, ಶುಲ್ಕವೂ ಎರಡೆರಡು ಸಲ. ಆತುರವಿಲ್ಲದಿದ್ದರೆ ಹೊರಗೆ ಮದುವೆಯಾಗಿ ನೇರ ಸಂಗಾತಿ ವೀಸಾಕ್ಕೆ ಹಾಕುವುದೇ ಲೇಸು. ಅಮೆರಿಕದ ಭಾವಿ ಸಂಗಾತಿ ವೀಸಾ ಕೆ-1ರಲ್ಲಿ ಅರ್ಜಿ ಹಾಕುವ ಹಿಂದಿನ ಎರಡು ವರ್ಷದೊಳಗೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು, ಬಂದ 90 ದಿನದಲ್ಲಿ ಅರ್ಜಿ ಹಾಕಿದವರನ್ನೇ ಮದುವೆಯಾಗಬೇಕು. ಜರ್ಮನಿ ಸಂಗಾತಿ ಹೊರಡುವ ಮೊದಲೇ ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಭಾಷೆಯ ಪ್ರಮಾಣಪತ್ರ ಕೇಳುತ್ತದೆ. ವಿನಾಯಿತಿಗಳಿವೆ, ಆದರೆ ಅದನ್ನೇ ನಂಬಿ ಕೂರುವುದಕ್ಕಿಂತ ಪರೀಕ್ಷೆ ಬರೆಯುವುದು ಬೇಗ ಮುಗಿಯುವ ಕೆಲಸ.

ಯುರೋಪಿನಲ್ಲಿ ಒಂದು ವಿಚಿತ್ರವೂ ಇದೆ. ಜರ್ಮನ್ ಪ್ರಜೆ ಜರ್ಮನಿಯಲ್ಲೇ ಇದ್ದು ಸಂಗಾತಿಯನ್ನು ಕರೆಸಿಕೊಳ್ಳುವಾಗ ಜರ್ಮನಿಯ ಸ್ವಂತ ಕಾನೂನು ನಡೆಯುತ್ತದೆ. ಅದೇ ವ್ಯಕ್ತಿ ಸ್ಪೇನಿನಲ್ಲಿ ಕೆಲಸಕ್ಕಿದ್ದರೆ ಯುರೋಪಿಯನ್ ಒಕ್ಕೂಟದ 2004ರ 38ನೇ ನಿರ್ದೇಶನ ಅನ್ವಯಿಸುತ್ತದೆ. ಆಗ ಸಂಗಾತಿಗೆ ಪ್ರವೇಶ ವೀಸಾ ಉಚಿತ, ವಿಲೇವಾರಿ ತ್ವರಿತ, ಭಾಷಾ ಪರೀಕ್ಷೆ ಇಲ್ಲ. ತಾಯ್ನಾಡಿಗಿಂತ ಪಕ್ಕದ ಮನೆಯಲ್ಲಿ ಸಂಸಾರ ಹೂಡುವುದು ಸುಲಭ! ಈ ವಿಷಯ ಗೊತ್ತಿಲ್ಲದೆ ಸಾಮಾನ್ಯ ಪ್ರವಾಸಿ ಅರ್ಜಿ ತುಂಬಿ ಶುಲ್ಕ ಕಟ್ಟಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಹಣದ ಷರತ್ತಿನಲ್ಲಿ ಬ್ರಿಟನ್ ಅತಿ ಕಟ್ಟುನಿಟ್ಟು. 2024ರ ಏಪ್ರಿಲ್ 11ರಿಂದ ಅಲ್ಲಿರುವ ಸಂಗಾತಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ಆದಾಯವೇ ಇಲ್ಲದಿದ್ದರೆ 88,500 ಪೌಂಡ್ ಉಳಿತಾಯ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಆ ತಾರೀಕಿಗೂ ಮೊದಲು ಇದೇ ದಾರಿಯಲ್ಲಿ ಒಳಬಂದವರಿಗೆ ಅದೇ ಸಂಗಾತಿಯ ಜೊತೆ ವಿಸ್ತರಣೆ ಹಾಕುವಾಗ ಹಳೆಯ 18,600ರ ಮಿತಿಯೇ ನಡೆಯುತ್ತದೆ. ಅರ್ಜಿ ಬೀಳುವುದು ಮಾತ್ರ ಹೆಚ್ಚಾಗಿ ಮೊತ್ತದಲ್ಲಲ್ಲ, ತಾಳೆಯಲ್ಲಿ. ಸಂಬಳದ ಚೀಟಿಯಲ್ಲಿ ಕೈಗೆ ಬರುವುದು 2,412 ಪೌಂಡ್ 36 ಪೆನ್ಸ್ ಎಂದಿದ್ದರೆ ಬ್ಯಾಂಕ್ ಪಟ್ಟಿಯಲ್ಲೂ ಅಷ್ಟೇ ಜಮೆಯಾಗಿರಬೇಕು. 2,400 ಎಂದಿದ್ದರೆ ಮಿಕ್ಕ ಹನ್ನೆರಡು ಪೌಂಡ್ ಎಲ್ಲಿ ಹೋಯಿತೆಂದು ಕಂಪನಿಯ ಪತ್ರದಲ್ಲಿ ಬರಬೇಕು. ಒಂದೇ ಕಡೆ ಆರು ತಿಂಗಳು ದುಡಿದಿದ್ದರೆ ಆ ಅವಧಿಯ ಅತಿ ಕಡಿಮೆ ಸಂಬಳದ ಮಟ್ಟವನ್ನೇ ವರ್ಷಕ್ಕೆ ಹಿಗ್ಗಿಸಿ ನೋಡುತ್ತಾರೆ. ಆರು ತಿಂಗಳೊಳಗೆ ಕೆಲಸ ಬದಲಿಸಿದ್ದರೆ ಈಗಿನ ಸಂಬಳದ ಜೊತೆ ಹಿಂದಿನ ಹನ್ನೆರಡು ತಿಂಗಳ ನಿಜವಾದ ಗಳಿಕೆಯೂ ಮಿತಿ ಮುಟ್ಟಬೇಕಾಗುತ್ತದೆ. ಆದ್ದರಿಂದ ಹೊಸ ಕೆಲಸ ಸಿಕ್ಕ ಖುಷಿಯಲ್ಲಿ ಮರುತಿಂಗಳೇ ಅರ್ಜಿ ಹಾಕಬೇಡಿ. ಅಮೆರಿಕದ ಲೆಕ್ಕ ಸಡಿಲ, ಬಡತನ ಮಟ್ಟದ 125 ಪ್ರತಿಶತ ಆದಾಯ ಸಾಕು. ಆದರೆ ಸಂಗಾತಿಯ ಖರ್ಚಿಗೆ ನಾನು ಹೊಣೆ ಎಂದು ಬರೆದುಕೊಡುವ ಐ-864 ಪತ್ರಕ್ಕೆ ಸಹಿ ಹಾಕಿದ ಹೊಣೆ ವಿಚ್ಛೇದನದಿಂದಲೂ ಕಳಚುವುದಿಲ್ಲ. ಸಹಿ ಹಾಕುವವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಸಂಬಂಧ ನಿಜವೆಂದು ತೋರಿಸುವ ಪುರಾವೆಯ ವಿಚಾರದಲ್ಲಿ ಆಸ್ಟ್ರೇಲಿಯಾದ ವಿಂಗಡಣೆ ಯಾವ ದೇಶದ ಅರ್ಜಿಗೂ ಉಪಯೋಗಕ್ಕೆ ಬರುತ್ತದೆ: ಹಣಕಾಸು, ಮನೆವಾರ್ತೆ, ಬಂಧುಮಿತ್ರರ ಕಣ್ಣಿಗೆ ಕಂಡದ್ದು, ಪರಸ್ಪರ ಬದ್ಧತೆ. ನಾಲ್ಕು ಫೈಲ್ ಮಾಡಿ ಒಂದೊಂದರಲ್ಲೂ ಬೇರೆ ಬೇರೆ ತಿಂಗಳಿನ ಕಾಗದ ಇಡಿ. ನಾನೂರು ಪುಟ ವಾಟ್ಸ್ಆ್ಯಪ್ ಮಾತುಕತೆ ಯಾರೂ ಓದುವುದಿಲ್ಲ. ತಿಂಗಳಿಗೆ ಒಂದೆರಡು ಪುಟ, ತಾರೀಕು ಕಾಣುವಂತೆ, ಸಾಕು. ಫೋಟೊ ಹತ್ತಿಪ್ಪತ್ತು ಇರಲಿ, ಕೆಳಗೆ ಎಲ್ಲಿ, ಯಾವಾಗ, ಜೊತೆಗೆ ಯಾರು ಎಂದು ಬರೆಯಿರಿ. ಅರ್ಜಿಗೆ ಮೂರು ವಾರ ಮೊದಲು ತೆರೆದು ಒಂದು ವ್ಯವಹಾರವೂ ಇಲ್ಲದ ಜಂಟಿ ಖಾತೆಯಿಂದ ಲಾಭಕ್ಕಿಂತ ಅನುಮಾನವೇ ಹೆಚ್ಚು. ಎರಡು ವರ್ಷ ಬಾಡಿಗೆ, ಕರೆಂಟ್ ಬಿಲ್ ಹಂಚಿಕೊಂಡ ಪುಟ್ಟ ವರ್ಗಾವಣೆಗಳು ಅದಕ್ಕಿಂತ ಗಟ್ಟಿ.

ಇದೆಲ್ಲಕ್ಕೂ ಮೊದಲು ಒಂದೇ ಹಾಳೆಯ ಕಾಲಪಟ್ಟಿ ಬರೆದುಕೊಳ್ಳಿ. ಪರಿಚಯ, ಮೊದಲ ಭೇಟಿ, ಪ್ರತಿ ಪ್ರಯಾಣ, ಒಟ್ಟಿಗೆ ವಾಸ, ನಿಶ್ಚಿತಾರ್ಥ, ಮದುವೆ. ಇಬ್ಬರೂ ಬೇರೆಬೇರೆ ಕೂತು ಬರೆದು ಆಮೇಲೆ ಹೋಲಿಸಿ, ಪಾಸ್‌ಪೋರ್ಟಿನ ಮುದ್ರೆಗಳ ಪಕ್ಕ ಇಟ್ಟು ನೋಡಿ. ಮೊದಲ ಭೇಟಿ ಇವರ ಫಾರ್ಮಿನಲ್ಲಿ ಮಾರ್ಚ್, ಅವರ ಪತ್ರದಲ್ಲಿ ಮೇ, ಎರಡು ವರ್ಷದ ಹಿಂದಿನ ಪ್ರವಾಸಿ ವೀಸಾ ಅರ್ಜಿಯಲ್ಲಿ "ಅಲ್ಲಿ ಪರಿಚಿತರಿಲ್ಲ" ಎಂದಿದ್ದರೆ ಅಧಿಕಾರಿಗೆ ಕಾಣುವುದು ಮರೆವಲ್ಲ, ಸುಳ್ಳು. ಹಳೆಯ ಅರ್ಜಿಗಳ ಪ್ರತಿ ಎಸೆಯಬೇಡಿ ಎನ್ನುವುದು ಇದಕ್ಕೇ. ಹಿಂದೆ ವೀಸಾ ತಿರಸ್ಕಾರವಾಗಿದ್ದರೆ ಅದು ಯಾವ ದೇಶದ್ದೇ ಆಗಲಿ, ಕೇಳಿದಷ್ಟನ್ನೂ ಬರೆಯಿರಿ. ತಿರಸ್ಕಾರವನ್ನು ವಿವರಿಸಬಹುದು, ಮುಚ್ಚಿಟ್ಟದ್ದನ್ನು ವಿವರಿಸಲಾಗದು. ಬ್ರಿಟನ್ ವಂಚನೆಗೆ ಹತ್ತು ವರ್ಷದ ತಡೆ ಹಾಕುತ್ತದೆ.

ಕಾಗದಪತ್ರಗಳನ್ನು ಬೇಗ ಹಳಸದವು, ಬೇಗ ಹಳಸುವವು ಎಂದು ಬೇರ್ಪಡಿಸಿ. ಜನನ ಪ್ರಮಾಣಪತ್ರ, ಹಿಂದಿನ ವಿಚ್ಛೇದನದ ಅಂತಿಮ ಆದೇಶ ಮೊದಲೇ ತರಿಸಿಡಬಹುದು. ಅವಿವಾಹಿತರೆಂಬ ಪ್ರಮಾಣಪತ್ರ ಕೆಲವೇ ತಿಂಗಳು ನಡೆಯುತ್ತದೆ, ಬ್ರಿಟನ್ನಿಗೆ ಬೇಕಾದ ಕ್ಷಯ ಪರೀಕ್ಷೆಯ ವರದಿ ಆರು ತಿಂಗಳು, ಅಲ್ಲಿಗೇ ಕೊಡುವ ಬ್ಯಾಂಕ್ ಪಟ್ಟಿ ಅರ್ಜಿಯ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಇವು ಕೊನೆಗೆ. ಅಪೊಸ್ಟಿಲ್, ಅಂದರೆ ಒಂದು ದೇಶದ ಪತ್ರ ಇನ್ನೊಂದು ದೇಶದಲ್ಲಿ ನಡೆಯುವಂತೆ ಅಂತರರಾಷ್ಟ್ರೀಯ ಒಪ್ಪಂದದಡಿ ಹಾಕಿಸುವ ದೃಢೀಕರಣ, ಅದರ ವಿಷಯದಲ್ಲಿ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ. ಮೂಲ ಪತ್ರಕ್ಕೆ ಮೊದಲು ಅಪೊಸ್ಟಿಲ್, ಆಮೇಲೆ ಅಪೊಸ್ಟಿಲ್ ಸಮೇತ ಅನುವಾದ. ಅನುವಾದ ಮೊದಲು ಮಾಡಿಸಿದರೆ ಅಪೊಸ್ಟಿಲ್ ಮೇಲಿನ ಬರಹ ಅನುವಾದವಾಗದೆ ಉಳಿಯುತ್ತದೆ. ಚೀನಾ 2023ರ ನವೆಂಬರಿನಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ಒಪ್ಪಂದಕ್ಕೆ ಬಂದ ಕಾರಣ ಆ ದೇಶಗಳ ಬಗ್ಗೆ ಹಳೆಯ ಸಲಹೆಗಳು ಕೆಲಸಕ್ಕೆ ಬಾರವು. ಹೆಸರಿನ ವಿಷಯದಲ್ಲಿ ಪಾಸ್‌ಪೋರ್ಟ್ ಹೇಳಿದ್ದೇ ಸರಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಬಿಡಿಸಿ ಬರೆದ ಹೆಸರು ಇದ್ದರೆ ಎರಡೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಅವರು ಕೇಳುವ ಮೊದಲೇ ಲಗತ್ತಿಸಿ.

ಅರ್ಜಿ ಹಾಕಿಯಾದ ಮೇಲೆ ಕಾಯುವ ಕಾಲದಲ್ಲಿ ಟಿಕೆಟ್ ಕೊಳ್ಳುವ ಮುನ್ನ ಕೈ ತಡೆಯಿರಿ. ಬ್ರಿಟನ್ ಒಳಗಿಂದ ಹಾಕಿದ ವಿಸ್ತರಣೆಯ ತೀರ್ಮಾನಕ್ಕೆ ಮುನ್ನ ದೇಶ ಬಿಟ್ಟರೆ ಅರ್ಜಿ ವಾಪಸು ತೆಗೆದುಕೊಂಡಂತೆ. ಅಮೆರಿಕದ ಒಳಗೆ ಗ್ರೀನ್ ಕಾರ್ಡಿಗೆ ಹಾಕಿದ ಸಂಗಾತಿ ಮುಂಗಡ ಪ್ರಯಾಣ ಅನುಮತಿ ಇಲ್ಲದೆ ಹೊರಟರೆ ಸಾಮಾನ್ಯವಾಗಿ ಅದನ್ನು ಕೈಬಿಟ್ಟಂತೆಯೇ ಪರಿಗಣಿಸುತ್ತಾರೆ. ಅರ್ಜಿ ತೀರ್ಮಾನವಾಗುವವರೆಗೆ ಇರಲು ಆಸ್ಟ್ರೇಲಿಯಾ ಕೊಡುವ ಬ್ರಿಡ್ಜಿಂಗ್ ವೀಸಾ ಎ ಮೇಲೆ ಹೊರಹೋದರೆ ವಾಪಸು ಬರಲಾಗದು, ಹೊರಡುವ ಮೊದಲು ಬ್ರಿಡ್ಜಿಂಗ್ ವೀಸಾ ಬಿ ಪಡೆಯಬೇಕು.

ಅಮೆರಿಕದ ಸಂಗಾತಿ ವೀಸಾ ಕೈಗೆ ಬಂದವರು ಮದುವೆಯ ತಾರೀಕನ್ನೊಮ್ಮೆ ನೋಡಿಕೊಳ್ಳಿ. ದೇಶದೊಳಗೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪುರಾವೆಗಳನ್ನು ಮತ್ತೆ ಜೋಡಿಸಬೇಕು. ಎರಡು ವರ್ಷ ತುಂಬಿದ್ದರೆ ನೇರ ಹತ್ತು ವರ್ಷದ ಕಾರ್ಡ್. ಎರಡನೇ ವಾರ್ಷಿಕೋತ್ಸವಕ್ಕೆ ಹತ್ತು ದಿನ ಉಳಿದಿದ್ದು ವೀಸಾದ ಅವಧಿ ಅದಕ್ಕಿಂತ ಮುಂದಕ್ಕಿದ್ದರೆ, ವಿಮಾನವನ್ನು ವಾರ್ಷಿಕೋತ್ಸವದ ಮರುದಿನಕ್ಕೆ ಬುಕ್ ಮಾಡಿ. ಗಡಿಯಲ್ಲಿ ಅಧಿಕಾರಿಗೆ ಮದುವೆ ಪ್ರಮಾಣಪತ್ರ ತೋರಿಸಿ ಷರತ್ತಿನ ದರ್ಜೆಯನ್ನು ಬದಲಿಸಲು ಕೇಳಿ. ಸ್ಟಿಕರಿನ ಮೇಲೆ ಹಳೆಯ ದರ್ಜೆಯೇ ಮುದ್ರಿತವಾಗಿರುತ್ತದೆ, ಕೇಳದಿದ್ದರೆ ಅದೇ ಮುಂದುವರಿಯಬಹುದು.