ರಾಜಧಾನಿಯಲ್ಲಿದ್ದವರಿಗೆ ಓಟಿಲ್ಲವೇ?

ಪ್ರಶ್ನೆ: ಮಗಳು, ಅಳಿಯ ವಾಷಿಂಗ್ಟನ್ನಿನಲ್ಲಿದ್ದಾರೆ. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನಲ್ಲಿ ‘ಪ್ರಾತಿನಿಧ್ಯವಿಲ್ಲದೆ ತೆರಿಗೆ’ ಎಂಬರ್ಥದ ಸಾಲು ಇರುತ್ತದಂತೆ. ರಾಜಧಾನಿಯವರಿಗೇ ಓಟಿಲ್ಲವೇ? ದೆಹಲಿಯಲ್ಲೂ ಹೀಗೆಯೇ?
– ಓದುಗರೊಬ್ಬರು, ಉಪ್ಪಳ

ಓಟಿದೆ. ಆದರೆ ಆ ಓಟಿನಿಂದ ಗೆದ್ದು ಹೋದವರಿಗೆ ಪೂರ್ತಿ ಬಲವಿಲ್ಲ. ವಾಷಿಂಗ್ಟನ್ ಡಿ.ಸಿ.ಯಿಂದ ಅಮೆರಿಕದ ಕೆಳಮನೆಗೆ ಒಬ್ಬ ಪ್ರತಿನಿಧಿ ಹೋಗುತ್ತಾರೆ. ಮಾತಾಡಬಹುದು, ಸಮಿತಿಯಲ್ಲಿ ಮತ ಹಾಕಬಹುದು. ಮಸೂದೆ ಅಂಗೀಕಾರಕ್ಕೆ ಬಂದಾಗ ಮಾತ್ರ ಸುಮ್ಮನೆ ಕೂರಬೇಕು. ಮೇಲ್ಮನೆಯಾದ ಸೆನೆಟ್‌ನಲ್ಲಂತೂ ಅವರ ಕಡೆಯವರು ಯಾರೂ ಇಲ್ಲ. 2020ರ ಜನಗಣತಿಯಂತೆ ಡಿ.ಸಿ.ಯಲ್ಲಿ ಸುಮಾರು 6.9 ಲಕ್ಷ ಜನ. 5.8 ಲಕ್ಷ ಜನರ ವಯೋಮಿಂಗ್ ರಾಜ್ಯಕ್ಕೆ ಇಬ್ಬರು ಸೆನೆಟರ್‌ಗಳು!

ಇದಕ್ಕೆಲ್ಲ ಒಂದು ಹಳೆಯ ಹೆದರಿಕೆ ಕಾರಣ. 1783ರಲ್ಲಿ ಸಂಬಳ ಬಾಕಿಯಿದ್ದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೇರಿದ್ದ ಕಟ್ಟಡಕ್ಕೆ ಮುತ್ತಿಗೆ ಹಾಕಿದರು. ಪಡೆ ಕಳುಹಿಸಿ ಎಂದರೆ ಪೆನ್ಸಿಲ್ವೇನಿಯಾದ ಸರಕಾರ ಒಪ್ಪಲಿಲ್ಲ. ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋದರು. ಇನ್ನು ಯಾವ ರಾಜ್ಯದ ಹಂಗೂ ಬೇಡವೆಂದು, ಸಂವಿಧಾನ ಬರೆಯುವಾಗ ರಾಜಧಾನಿಗೆ ಹತ್ತು ಮೈಲಿ ಚೌಕ ಮೀರದ ಪ್ರತ್ಯೇಕ ಜಾಗ, ಅದರ ಮೇಲೆ ಕಾಂಗ್ರೆಸ್ಸಿನದೇ ಅಧಿಕಾರ ಎಂದರು. ಅಲ್ಲಿ ಮನೆ ಮಾಡಿಕೊಂಡವರ ಓಟಿನ ಗತಿಯೇನೆಂದು ಬರೆಯಲಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದೇ 1961ರ 23ನೇ ತಿದ್ದುಪಡಿಯಿಂದ. ಡಿ.ಸಿ.ಯನ್ನು ರಾಜ್ಯವಾಗಿಸುವ ಮಸೂದೆ 2020 ಮತ್ತು 2021ರಲ್ಲಿ ಕೆಳಮನೆ ದಾಟಿತು, ಸೆನೆಟ್ ದಾಟಲಿಲ್ಲ. ಗುಟ್ಟೇನಿಲ್ಲ: ಡಿ.ಸಿ. ಡೆಮಾಕ್ರಟಿಕರ ಭದ್ರಕೋಟೆ, ಹೊಸ ಎರಡು ಸೆನೆಟ್ ಸ್ಥಾನ ಯಾರ ಪಾಲಾಗುತ್ತದೆಂದು ರಿಪಬ್ಲಿಕನ್ನರಿಗೂ ಗೊತ್ತು.

ದೆಹಲಿಯ ಕತೆ ಬೇರೆ. ಲೋಕಸಭೆಗೆ 7, ರಾಜ್ಯಸಭೆಗೆ 3, ಎಲ್ಲರಿಗೂ ಪೂರ್ಣ ಮತಾಧಿಕಾರ. 70 ಸ್ಥಾನಗಳ ವಿಧಾನಸಭೆಯೂ ಇದೆ. ಆದರೆ ಸಂವಿಧಾನದ 239ಎಎ ವಿಧಿಯಂತೆ ಪೊಲೀಸ್, ಕಾನೂನು ಸುವ್ಯವಸ್ಥೆ, ಭೂಮಿ ಕೇಂದ್ರದ ಕೈಯಲ್ಲಿ. ದೆಹಲಿಯವರು ‘ಪೂರ್ಣ ರಾಜ್ಯ’ ಕೇಳುವುದು ಆಡಳಿತದ ಹಿಡಿತಕ್ಕಾಗಿ, ಓಟಿಗಾಗಿ ಅಲ್ಲ.

ನಮ್ಮ ಕಾಸರಗೋಡಿನ ಪ್ರಶ್ನೆಯನ್ನೂ ಇದರೊಂದಿಗೆ ಕಟ್ಟುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದ 1967ರ ಮಹಾಜನ ವರದಿ ಜಾರಿಯಾಗಲಿಲ್ಲ, ಆ ನೋವು ನಿಜವೇ. ಆದರೆ ಅದು ಯಾವ ರಾಜ್ಯ ಎಂಬ ತಕರಾರು. ಓಟು ನಮಗೆ ಪಂಚಾಯತಿನಿಂದ ಲೋಕಸಭೆವರೆಗೂ ಇದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರಲ್ಲ!

ಅಂದಹಾಗೆ, ನಿಮ್ಮ ಮಗಳು ಇನ್ನೂ ಭಾರತದ ಪ್ರಜೆಯಾಗಿದ್ದರೆ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಪಾಸ್‌ಪೋರ್ಟಿನಲ್ಲಿ ಉಪ್ಪಳದ ವಿಳಾಸವಿದ್ದರೆ ವಿದೇಶದಲ್ಲಿರುವ ಮತದಾರರ 6ಎ ಅರ್ಜಿ ಹಾಕಿ ಇಲ್ಲಿಯ ಪಟ್ಟಿಗೆ ಹೆಸರು ಸೇರಿಸಬಹುದು. ಓಟು ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಖುದ್ದು ಬೂತಿಗೇ ಬರಬೇಕು.