ದೂರದವರ ಸುದ್ದಿಗೆಂದು ಬಂದ ನೆಟ್ ನಮ್ಮ ಕರಾವಳಿಯಲ್ಲಿ ಬೆಳೆದ ಬಗೆ

ಉಡುಪಿ, ಮಂಗಳೂರು ಕಡೆ ಯಾರ ಮನೆಗೆ ಹೋದರೂ ಮುಂಬೈಯಲ್ಲೋ ದುಬೈಯಲ್ಲೋ ಕುವೈತಿನಲ್ಲೋ ಇರುವ ಒಬ್ಬರ ಮಾತು ಬಂದೇ ಬರುತ್ತದೆ. ನಮಗೆ ಇಂಟರ್ನೆಟ್ ಬೇಗ ಒಗ್ಗಿದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ. ಗಲ್ಫಿನಿಂದ ಪತ್ರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಐಎಸ್‌ಡಿ ಬೂತಿನಲ್ಲಿ ಮೀಟರ್ ನೋಡುತ್ತಾ ಮಾತಾಡಬೇಕಿತ್ತು.

ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಅದೂ ಮೊದಲು ದೊಡ್ಡ ನಗರಗಳಲ್ಲಿ. 1998ರಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ಸಿಕ್ಕಿತು. ಆಮೇಲೆ ನಮ್ಮ ಪೇಟೆಗಳಲ್ಲೂ ಸೈಬರ್ ಕೆಫೆಗಳು ಎದ್ದವು. ನನ್ನ ಪ್ರಾಯದವರು ನೆಟ್ ಕಲಿತದ್ದು ಅಲ್ಲೇ. ಪಿಯುಸಿ ರಿಸಲ್ಟ್ ದಿನ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಂಡನಿಗೆ ಮೇಲ್ ಕಳಿಸಲು ಬಂದ ಅಮ್ಮಂದಿರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು, ಮಕ್ಕಳು ಟೈಪ್ ಮಾಡುತ್ತಿದ್ದರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಹೋಗುತ್ತಿದ್ದವು.

ಅದೇ ಹೊತ್ತಿಗೆ ಊರಿನ ಸುದ್ದಿಯ ಜಾಲತಾಣಗಳು ಬಂದವು. 2001ರಲ್ಲಿ ಶುರುವಾದ ದಾಯ್ಜಿವರ್ಲ್ಡ್ ಅದರಲ್ಲಿ ಒಂದು. ಊರಲ್ಲಿ ಯಾರು ತೀರಿಕೊಂಡರು, ಎಲ್ಲಿ ಜಾತ್ರೆ, ಯಾವ ಚರ್ಚಿನಲ್ಲಿ ಹಬ್ಬ ಎಂಬುದನ್ನು ಗಲ್ಫಿನಲ್ಲಿದ್ದವರು ಅದೇ ದಿನ ಓದುವಂತಾಯಿತು. ದೊಡ್ಡ ನಗರದವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಅಜ್ಜಿ ಹೋದ ಸುದ್ದಿ ತಿಂಗಳ ನಂತರ ಪತ್ರದಲ್ಲಿ ಸಿಕ್ಕಿದವರನ್ನು ಕೇಳಿ ನೋಡಿ.

ಆ ಕಾಲದ ನೆಟ್‌ಗೆ ನಾವಾಗಿಯೇ ಹೋಗಬೇಕಿತ್ತು. ಏನು ಬೇಕೆಂದು ನಾವೇ ಹುಡುಕಬೇಕಿತ್ತು. ಗಂಟೆ ಮುಗಿದರೆ ದುಡ್ಡು ಕೊಟ್ಟು ಏಳಬೇಕಿತ್ತು. 2004ರಲ್ಲಿ ಬಂದ ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲೂ ಹಾಗೆಯೇ, ಗೆಳೆಯನ ಸುದ್ದಿ ಬೇಕೆಂದರೆ ಅವನ ಸ್ಕ್ರ್ಯಾಪ್‌ಬುಕ್, ಅಂದರೆ ಅವನಿಗೆ ಬಂದ ಸಂದೇಶಗಳ ಪುಟ, ತೆರೆಯಬೇಕಿತ್ತು.

ಇದು ಬದಲಾದದ್ದು 2006ರ ಸೆಪ್ಟೆಂಬರ್‌ನಲ್ಲಿ ಎಂದು ನಾನು ಹೇಳುತ್ತೇನೆ. ಫೇಸ್‌ಬುಕ್ ಆಗ ನ್ಯೂಸ್ ಫೀಡ್ ತಂದಿತು. ಎಲ್ಲರ ಸುದ್ದಿಯೂ ತಾನಾಗಿ ಒಂದೇ ಪುಟಕ್ಕೆ ಬಂದು ಬೀಳತೊಡಗಿತು. 2009ರಲ್ಲಿ ಲೈಕ್ ಗುಂಡಿ ಬಂತು. ಯಾವುದಕ್ಕೆ ಜಾಸ್ತಿ ಲೈಕ್, ಎಲ್ಲಿ ನಮ್ಮ ಬೆರಳು ನಿಲ್ಲುತ್ತದೆ ಎಂದು ನೋಡಿ, ಅಂಥದ್ದನ್ನೇ ಮುಂದೆ ತಂದಿಡುವುದು ಕಂಪನಿಯ ಕೆಲಸವಾಯಿತು. ನಾವು ಜಾಸ್ತಿ ಹೊತ್ತು ಕೂತರೆ ಅವರಿಗೆ ಜಾಹೀರಾತಿನ ಹಣ. ಸಿಟ್ಟು, ಹೆದರಿಕೆ ತರುವ ಪೋಸ್ಟ್‌ಗಳೂ ಜನರನ್ನು ಹಿಡಿದು ಕೂರಿಸುತ್ತವೆ, ಅಲ್ವಾ?

ಅದರ ಎರಡೂ ಮುಖಗಳನ್ನು ಮಂಗಳೂರು ಹತ್ತಿರದಿಂದ ಕಂಡಿದೆ. 2009ರ ಜನವರಿಯಲ್ಲಿ ನಗರದ ಪಬ್ ಒಂದರಲ್ಲಿ ಯುವತಿಯರ ಮೇಲೆ ಹಲ್ಲೆ ನಡೆಯಿತು. ಟಿವಿ ಆ ದೃಶ್ಯವನ್ನು ದೇಶಕ್ಕೆ ತೋರಿಸಿತು. ಫೇಸ್‌ಬುಕ್‌ನಲ್ಲಿ ಒಟ್ಟಾದ ಹೆಣ್ಣುಮಕ್ಕಳು ಹಲ್ಲೆ ಮಾಡಿದ ಸಂಘಟನೆಯ ಮುಖಂಡನಿಗೆ ಗುಲಾಬಿ ಒಳಉಡುಪು ಕಳಿಸಿ ಪ್ರತಿಭಟಿಸಿದರು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಹೀಗೆ ಒಂದಾದದ್ದು ನನಗೆ ಆಗಲೂ ದೊಡ್ಡ ಧೈರ್ಯ ಕೊಟ್ಟಿತ್ತು, ಈಗಲೂ ಕೊಡುತ್ತದೆ. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಬಲಿಯಾದರು. ಆಗ ವದಂತಿ ಹರಡದಿರಲಿ ಎಂದು ಸರ್ಕಾರ ಮೊಬೈಲ್ ಇಂಟರ್ನೆಟ್ಟನ್ನೇ ನಿಲ್ಲಿಸಿತು. ಸುಳ್ಳು ಸುದ್ದಿಯ ಜೊತೆಗೆ, ಮಕ್ಕಳು ಸುರಕ್ಷಿತವಾಗಿದ್ದಾರೆಯೇ ಎಂದು ಕೇಳುವ ಮೆಸೇಜ್ ಕೂಡ ನಿಂತಿತು.

ಈ ಎರಡರ ನಡುವೆ, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾಯಿತು. ಮನೆಮನೆಗೂ ವಾಟ್ಸಾಪ್‌ನಲ್ಲಿ ಕುಟುಂಬದ ಗ್ರೂಪ್, ದೇವಸ್ಥಾನದ ಗ್ರೂಪ್, ವಾರ್ಡಿನ ಗ್ರೂಪ್. ಯಕ್ಷಗಾನದ ರಾತ್ರಿಗಳು ಯೂಟ್ಯೂಬ್‌ಗೆ ಏರಿದವು, ಅದೇ ವರ್ಷ ತುಳು ವಿಕಿಪೀಡಿಯವೂ ಬಂತು. ಇದನ್ನೆಲ್ಲ ಮರೆತು ಬರೀ ನೆಟ್‌ಗೆ ಬೈಯುವುದು ಅನ್ಯಾಯ. ಆದರೆ ಮಕ್ಕಳ ಕಳ್ಳರ ಸುಳ್ಳು ಮೆಸೇಜ್‌ಗಳನ್ನು ನಂಬಿ ದೇಶದ ಹಲವೆಡೆ ಜನ ಅಮಾಯಕರನ್ನು ಹೊಡೆದು ಕೊಂದರು. ಆಮೇಲಷ್ಟೇ, 2018ರಲ್ಲಿ, ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿತು. ಒಂದು ಸಣ್ಣ ಬದಲಾವಣೆಗೆ ಅಷ್ಟು ಜೀವ ಹೋಗಬೇಕಿತ್ತೇ?

ಕೊರೊನಾ ಬಂದಾಗ ಫೋನ್ ಶಾಲೆಯೇ ಆಯಿತು. 2021ರ ಮಳೆಯಲ್ಲಿ ಸುಳ್ಯ ಕಡೆ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಿಮಗೂ ನೆನಪಿರಬಹುದು. ಶಾಲೆ ತೆರೆದ ಮೇಲೂ ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು, ಪಾಠದ ಜಾಗಕ್ಕೆ ರೀಲ್ಸ್ ಬಂತು.

ದತ್ತಾಂಶ ರಕ್ಷಣೆಯ 2023ರ ಕಾನೂನು, 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಇದರ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನ ಫೋನಿನ ಪಾಸ್‌ವರ್ಡ್ ಹಾಕಿಕೊಟ್ಟದ್ದೇ ಮಗ ಅಥವಾ ಮಗಳು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಮಕ್ಕಳು ಏನು ನೋಡುತ್ತಾರೆಂದು ಹಿಂಬಾಲಿಸಬಾರದು, ಅವರನ್ನು ಗುರಿ ಮಾಡಿ ಜಾಹೀರಾತು ಹಾಕಬಾರದು. ಇಲ್ಲಿ ಹೊಣೆ ಕಂಪನಿಯ ಮೇಲೆ ಬೀಳುತ್ತದೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ಸಿಕ್ಕ ಗಡುವು 18 ತಿಂಗಳು. ಶಾಲೆಗಳ ಪೋಷಕರ ಸಭೆಗಳಲ್ಲಿ ಮಾರ್ಕ್ಸ್ ಜೊತೆಗೆ ಈ ವಿಷಯವೂ ಈಗಲೇ ಬರಬೇಕು.